ಗೋಲಿನ ಹಿಂದಿನ ಆಟಗಾರ: ಕಾರ್ಲ್‌ಟನ್ ಚಾಪ್‌ಮನ್

ಫುಟ್‌ಬಾಲಿನಲ್ಲಿ ಗೋಲು ಹೊಡೆದವರ ಹೆಸರು ದಾಖಲೆಯಲ್ಲಿ ಉಳಿಯುತ್ತದೆ. ಆ ಗೋಲಿಗೆ ದಾರಿ ಮಾಡಿಕೊಟ್ಟ ಮಿಡ್‌ಫೀಲ್ಡರ್, ಎಂದರೆ ರಕ್ಷಣಾ ಸಾಲಿಗೂ ಮುಂಚೂಣಿ ಸಾಲಿಗೂ ನಡುವೆ ನಿಂತು, ಎದುರಾಳಿಯ ಕಾಲಿನಿಂದ ಚೆಂಡನ್ನು ಕಸಿದು, ತನ್ನವರು ಓಡುವ ದಿಕ್ಕನ್ನು ಮೊದಲೇ ಗ್ರಹಿಸಿ ಮುಂದಕ್ಕೆ ದಾಟಿಸುವ ಆಟಗಾರ, ಜನರ ನೆನಪಿನಿಂದ ಬೇಗ ಮರೆಯಾಗುತ್ತಾನೆ. ಬೆಂಗಳೂರಿನಲ್ಲಿ 1971ರಲ್ಲಿ ಹುಟ್ಟಿ, ಭಾರತ ತಂಡದ ನಾಯಕತ್ವದವರೆಗೂ ಏರಿದ ಕಾರ್ಲ್‌ಟನ್ ಚಾಪ್‌ಮನ್ ಅವರ ಹೆಸರು ಇಂದು ಅವರ ಊರಿನಲ್ಲಿಯೇ ಅಪರೂಪಕ್ಕೆ ಕೇಳಿಬರುವುದು ನ್ಯಾಯವಲ್ಲ.

ಜಮ್‌ಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಪಳಗಿದ ಅವರು 1993ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ಅದೇ ವರ್ಷ, ಆಯಾ ದೇಶದ ಕಪ್ ಗೆದ್ದ ಕ್ಲಬ್‌ಗಳಿಗಾಗಿ ನಡೆಯುತ್ತಿದ್ದ ಏಷ್ಯನ್ ಕಪ್ ವಿನ್ನರ್ಸ್ ಕಪ್ ಪಂದ್ಯದಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6–2ರಿಂದ ಸೋಲಿಸಿದಾಗ, ಚಾಪ್‌ಮನ್ ಹ್ಯಾಟ್ರಿಕ್, ಅಂದರೆ ಒಂದೇ ಪಂದ್ಯದಲ್ಲಿ ಮೂರು ಗೋಲು, ಸಾಧಿಸಿದರು. ಇರಾಕಿನ ಫುಟ್‌ಬಾಲ್ ಆಗ ಭಾರತಕ್ಕಿಂತ ಬಹಳ ಮುಂದಿತ್ತೆಂಬುದನ್ನು ಗಮನಿಸಿದರೆ ಈ ಗೆಲುವಿನ ತೂಕ ತಿಳಿಯುತ್ತದೆ. ಆದರೂ ಅವರ ಆಟದ ನಿಜವಾದ ಸತ್ವವನ್ನು ಆ ಮೂರು ಗೋಲುಗಳಲ್ಲಿ ಅಲ್ಲ, 1995ರಲ್ಲಿ ಅವರು ಸೇರಿದ ಪಂಜಾಬಿನ ಜೆಸಿಟಿ ತಂಡದಲ್ಲಿ ಹುಡುಕಬೇಕು. ಐ.ಎಂ. ವಿಜಯನ್ ಮತ್ತು ಬೈಚುಂಗ್ ಭುಟಿಯಾ ಮುಂದೆ ನಿಂತು ಗೋಲು ಹೊಡೆಯುತ್ತಿದ್ದರೆ, ಅವರಿಗೆ ಚೆಂಡು ಒದಗಿಸುವ ಹೊಣೆ ಹಿಂದಿನ ಸಾಲಿನಲ್ಲಿದ್ದ ಚಾಪ್‌ಮನ್ ಅವರದಾಗಿತ್ತು; 1996–97ರಲ್ಲಿ ಮೊದಲ ಬಾರಿಗೆ ನಡೆದ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಜೆಸಿಟಿಯ ಪಾಲಾಯಿತು. ದಕ್ಷಿಣ ಏಷ್ಯಾದ ದೇಶಗಳ ನಡುವಿನ 1997ರ ಸ್ಯಾಫ್ ಕಪ್ ಗೆದ್ದ ಭಾರತ ತಂಡದಲ್ಲಿಯೂ ಅವರಿದ್ದರು. ಎಫ್‌ಸಿ ಕೊಚ್ಚಿನ್‌ನಲ್ಲಿ ಸ್ವಲ್ಪ ಕಾಲ ಆಡಿ ಈಸ್ಟ್ ಬೆಂಗಾಲಿಗೆ ಮರಳಿದ ಚಾಪ್‌ಮನ್, 2001ರಲ್ಲಿ ನಾಯಕರಾಗಿ ಆ ಕ್ಲಬ್‌ಗೆ ರಾಷ್ಟ್ರೀಯ ಲೀಗನ್ನು ಗೆಲ್ಲಿಸಿಕೊಟ್ಟು, ಆ ವರ್ಷವೇ ವೃತ್ತಿಪರ ಆಟದಿಂದ ನಿವೃತ್ತರಾದರು.

ಬೆಂಗಳೂರಿನ ಪ್ರತಿಭೆ ಹೊರಗೆ ಹೋಗಿಯೇ ಬೆಳಗಬೇಕಾದ ಸ್ಥಿತಿ ಚಾಪ್‌ಮನ್ ಅವರಿಂದ ಆರಂಭವಾದುದಲ್ಲ. 1948 ಮತ್ತು 1952ರ ಒಲಿಂಪಿಕ್ಸ್‌ನಲ್ಲಿ ಆಡಿದ ಬೆಂಗಳೂರಿನ ಅಹ್ಮದ್ ಖಾನ್ ಕೂಡ ಹೆಸರು ಮಾಡಿದ್ದು ಈಸ್ಟ್ ಬೆಂಗಾಲಿನ ‘ಪಂಚಪಾಂಡವ’ರೆಂದು ಕರೆಸಿಕೊಂಡ ಐವರು ಮುಂಚೂಣಿ ಆಟಗಾರರಲ್ಲಿ ಒಬ್ಬರಾಗಿ. ಎಚ್‌ಎಎಲ್, ಐಟಿಐಯಂತಹ ಸಾರ್ವಜನಿಕ ಉದ್ಯಮಗಳ ತಂಡಗಳು ನಗರದ ಆಟಗಾರರಿಗೆ ನೌಕರಿಯ ಭದ್ರತೆ ಕೊಟ್ಟು ಆಟವನ್ನು ಉಳಿಸಿದವು. ಆದರೆ ತುಂಬಿದ ಮೈದಾನ, ದೊಡ್ಡ ಸಂಭಾವನೆ, ದೇಶದ ಗಮನ ಇವೆಲ್ಲ ಕೋಲ್ಕತ್ತದಲ್ಲಿದ್ದವು. ನಗರದ ವೃತ್ತಿಪರ ಕ್ಲಬ್ ಆದ ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ, ಚಾಪ್‌ಮನ್ ಆಟ ನಿಲ್ಲಿಸಿ ಹನ್ನೆರಡು ವರ್ಷಗಳಾದ ಮೇಲೆ.

ನಿವೃತ್ತಿಯ ನಂತರ ಅವರು ತರಬೇತುದಾರರಾಗಿ, ತಾವು ಕಲಿತ ಟಾಟಾ ಅಕಾಡೆಮಿಯಲ್ಲಿಯೂ ಶಿಲ್ಲಾಂಗಿನ ರಾಯಲ್ ವಾಹಿಂಗ್ಡೋ ತಂಡದಲ್ಲಿಯೂ ದುಡಿದರು, ಮತ್ತು 2020ರ ಅಕ್ಟೋಬರ್ 12ರಂದು, 49ನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಳ್ಳುವವರೆಗೂ ಫುಟ್‌ಬಾಲಿನ ಕೆಲಸದಲ್ಲಿಯೇ ಇದ್ದರು.