ತೊಂಬತ್ತು ಸೆಕೆಂಡಿನ ಗಡುವು

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬೆಂಗಳೂರು ದಂಡು ಪ್ರದೇಶದ ಮಿಲ್ಲರ್ಸ್ ರಸ್ತೆಯಲ್ಲಿ, ಸೋನಾ ಟವರ್ಸ್ ಕಟ್ಟಡದಲ್ಲಿ ನೆಲೆಯೂರಿತು. ಅದರ ಉಪಗ್ರಹ ಸಂಪರ್ಕದ ಸಲಕರಣೆ ಎತ್ತಿನ ಗಾಡಿಯಲ್ಲಿ ಬಂದ ಕಥೆಯನ್ನು ನಗರ ಈಗಲೂ ಹೇಳಿಕೊಳ್ಳುತ್ತದೆ. ಇಂದು ಹಲಸೂರು, ಇಂದಿರಾನಗರ ದಾಟಿ ಕೆ.ಆರ್. ಪುರದತ್ತ ಹೋಗುವ ಹಳೆ ಮದ್ರಾಸ್ ರಸ್ತೆಯ ಆಸುಪಾಸಿನಲ್ಲಿ ಸಾಫ್ಟ್‌ವೇರ್ ಕಚೇರಿಗಳು ಕಿಕ್ಕಿರಿದಿವೆ. ಇಂಥ ಕಚೇರಿಗಳ ಎಂಜಿನಿಯರುಗಳಿಗೆ ಡೇಟಾಬೇಸ್ ನಿಲ್ಲದಂತೆ ನೋಡಿಕೊಳ್ಳುವುದು ನಿತ್ಯದ ಹೊಣೆ.

ಒಂದೇ ಯಂತ್ರವನ್ನು ನಂಬಿದರೆ ಅದು ಕೆಟ್ಟ ದಿನ ಎಲ್ಲವೂ ಕೆಟ್ಟಂತೆ. ರೈಲು ಟಿಕೆಟ್ಟನ್ನೇ ನೋಡಿ: ಕಂಟೋನ್ಮೆಂಟ್ ನಿಲ್ದಾಣದ ಕೌಂಟರಿನಲ್ಲಿ ಕೊಟ್ಟ ಬರ್ತನ್ನು ಅದೇ ಗಳಿಗೆಯಲ್ಲಿ ಮತ್ತೊಂದು ಊರಿನಲ್ಲಿ ಇನ್ನೊಬ್ಬರಿಗೆ ಕೊಡಬಾರದು. ಯಂತ್ರ ಕೈಕೊಟ್ಟಿತೆಂದು ಟಿಕೆಟ್ ಮಾರಾಟವೂ ನಿಲ್ಲಬಾರದು. ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ, ಸಿಕಂದರಾಬಾದ್ ಕೇಂದ್ರಗಳನ್ನು ರೈಲ್ವೆ 1999ರಲ್ಲಿ ಒಂದೇ ಜಾಲಕ್ಕೆ ತಂದಾಗ ಅಲ್ಲಿದ್ದವು ಕ್ಲಸ್ಟರ್‌ಗಳೇ, ಅಂದರೆ ಒಂದಾಗಿ ದುಡಿಯುವ ಯಂತ್ರಗಳ ಗುಂಪುಗಳು. ಅವು ಓಡುತ್ತಿದ್ದುದು ಇಂದು ಬಳಕೆಯಲ್ಲಿರುವ ಲಿನಕ್ಸ್ ಮೇಲಲ್ಲ, ಓಪನ್ ವಿಎಂಎಸ್ ಎಂಬ ಮತ್ತೊಂದು ಕಾರ್ಯಾಚರಣ ವ್ಯವಸ್ಥೆಯ ಮೇಲೆ. ಆದರೆ ಅಗತ್ಯ ಇದೇ.

ಲಿನಕ್ಸ್ ಜಗತ್ತಿನಲ್ಲಿ ಇದಕ್ಕೊಂದು ಜನಪ್ರಿಯ ದಾರಿ ಮರಿಯಾಡಿಬಿ ಮತ್ತು ಗಲೇರಾ ಜೋಡಿ. ಮರಿಯಾಡಿಬಿ ಡೇಟಾಬೇಸ್; ಅದರ ದತ್ತಾಂಶವನ್ನು ಹಲವು ಯಂತ್ರಗಳಲ್ಲಿ ಒಂದೇ ಸಮನಾಗಿಡುವ ಗಲೇರಾ ಫಿನ್ಲೆಂಡಿನ ಕೋಡರ್‌ಶಿಪ್ ಕಂಪನಿಯ ಸೃಷ್ಟಿ. ಸಾಮಾನ್ಯವಾಗಿ ಮೂರು ಯಂತ್ರಗಳನ್ನು ಇಡುತ್ತಾರೆ: ಒಂದು ಹೋದರೂ ಉಳಿದೆರಡಕ್ಕೆ ಬಹುಮತವಿರುತ್ತದೆ, ವ್ಯವಹಾರ ಮುಂದುವರಿಯುತ್ತದೆ.

ತೊಡಕು ಹುಟ್ಟುವುದು ಹೋದ ಯಂತ್ರ ಮರಳಿ ಬರುವಾಗ. ಅದು ಹೆಚ್ಚು ಕಾಲ ಹೊರಗಿದ್ದರೆ ತಪ್ಪಿಹೋದ ಬದಲಾವಣೆಗಳನ್ನಷ್ಟೇ ಪಡೆದರೆ ಸಾಲದು, ಜೊತೆಗಾರ ಯಂತ್ರದಿಂದ ದತ್ತಾಂಶವನ್ನೆಲ್ಲ ನಕಲು ಮಾಡಿಕೊಳ್ಳಬೇಕು. 500 ಗಿಗಾಬೈಟ್ ದತ್ತಾಂಶವಿದ್ದು, ಜಾಲದ ವೇಗ ಸೆಕೆಂಡಿಗೆ ಒಂದು ಗಿಗಾಬಿಟ್ ಆಗಿದ್ದರೆ ಲೆಕ್ಕದ ಪ್ರಕಾರವೇ ಒಂದು ಗಂಟೆಗೂ ಮೀರಿದ ಕೆಲಸ. ಆದರೆ ಸೇವೆಗಳನ್ನು ಎಬ್ಬಿಸುವ, ಮಲಗಿಸುವ ಮೇಸ್ತ್ರಿ ಸಿಸ್ಟಮ್‌ಡಿ ಇದನ್ನರಿಯದು. ಬೇರೆ ಮಾತು ಹೇಳದಿದ್ದರೆ ಅದು ಕೊಡುವ ಗಡುವು 90 ಸೆಕೆಂಡು. ಅಷ್ಟರಲ್ಲಿ ‘ಸಿದ್ಧ’ ಎಂಬ ಸೂಚನೆ ಬಾರದಿದ್ದರೆ ಆರಂಭ ವಿಫಲವಾಯಿತೆಂದು ತೀರ್ಮಾನಿಸಿ, ನಕಲು ನಡೆಯುತ್ತಿರುವಾಗಲೇ ಡೇಟಾಬೇಸನ್ನು ಕೊಲ್ಲುತ್ತದೆ. ಮತ್ತೆ ಎಬ್ಬಿಸಿದರೆ ನಕಲು ಮತ್ತೆ ಮೊದಲಿನಿಂದ; ದತ್ತಾಂಶ ಕೊಡುವ ಯಂತ್ರಕ್ಕೂ ಸುಮ್ಮನೆ ಹೊರೆ. ಬೈಗುಳ ತಿನ್ನುವುದು ಮಾತ್ರ ಡೇಟಾಬೇಸ್. ಮರಿಯಾಡಿಬಿಯ ಹೊಸ ಆವೃತ್ತಿಗಳು ತಾವೇ ಹೆಚ್ಚಿನ ಕಾಲಾವಕಾಶ ಕೇಳಬಲ್ಲವು ಎಂಬುದು ಸಮಾಧಾನ. ಹಳೆಯವುಗಳಿಗೆ ‘ಟೈಮ್‌ಔಟ್ ಸ್ಟಾರ್ಟ್ ಸೆಕ್’ ಎಂಬ ಸಾಲನ್ನು ಆಡಳಿತಗಾರರೇ ತಿದ್ದಬೇಕು.

ಎಲ್ಲಿ ತಿದ್ದುತ್ತಾರೆ ಎಂಬುದೂ ಅಷ್ಟೇ ಮುಖ್ಯ. ಪ್ಯಾಕೇಜಿನೊಂದಿಗೆ ಬಂದ ಮೂಲ ಕಡತಕ್ಕೆ ಕೈಹಾಕಿದರೆ ಮುಂದಿನ ಅಪ್‌ಡೇಟ್ ಆ ತಿದ್ದುಪಡಿಯನ್ನು ಅಳಿಸಿಹಾಕುತ್ತದೆ. ತಿಂಗಳುಗಳ ನಂತರ ಸರಿರಾತ್ರಿ ಅದೇ ತೊಂದರೆ ಮರುಕಳಿಸಿದಾಗ ಕಾರಣ ಯಾರಿಗೂ ನೆನಪಿರುವುದಿಲ್ಲ. ‘ಸಿಸ್ಟಮ್‌ಕಂಟ್ರೋಲ್ ಎಡಿಟ್’ ಆಜ್ಞೆ ಇದಕ್ಕೆಂದೇ ಪ್ರತ್ಯೇಕ ಪುಟ್ಟ ಕಡತವನ್ನು ತೆರೆಯುತ್ತದೆ. ಬದಲಿಸಬೇಕಾದ ಸಾಲುಗಳಷ್ಟೇ ಅದರಲ್ಲಿ. ಮೂಲ ಕಡತ ಬದಲಾದರೂ ಇದು ಉಳಿಯುತ್ತದೆ.

ಒಂದೇ ಹೊತ್ತಿಗೆ ಎಷ್ಟು ಕಡತ ತೆರೆದಿರಬಹುದು ಎಂಬ ಮಿತಿಯೂ ಈ ಪುಟ್ಟ ಕಡತದಲ್ಲೇ ಬರಬೇಕು. ಹಲವರು ಅದನ್ನು ಲಿನಕ್ಸ್‌ನ ಹಳೆಯ ‘ಲಿಮಿಟ್ಸ್’ ಕಡತದಲ್ಲಿ ಬರೆದು ನಿಶ್ಚಿಂತರಾಗುತ್ತಾರೆ. ಆ ಕಡತ ಅನ್ವಯಿಸುವುದು ಲಾಗಿನ್ ಆಗುವ ಬಳಕೆದಾರರಿಗೆ, ಸಿಸ್ಟಮ್‌ಡಿ ಎಬ್ಬಿಸುವ ಸೇವೆಗಲ್ಲ. ಹಾಗೆಯೇ ಜಾಗ ಸಾಲದೆಂದು ದತ್ತಾಂಶವನ್ನು ‘ಹೋಮ್’ ಫೋಲ್ಡರಿಗೆ ಸಾಗಿಸಿದವರಿಗೆ ‘ಪ್ರೊಟೆಕ್ಟ್ ಹೋಮ್’ ಎಂಬ ಭದ್ರತಾ ಸಾಲು ಅಡ್ಡಬರುತ್ತದೆ. ಕಡತಗಳು ಅಲ್ಲೇ ಇದ್ದರೂ ಡೇಟಾಬೇಸಿಗೆ ಕಾಣವು.

ಮೂರೂ ಯಂತ್ರಗಳು ಒಮ್ಮೆಗೇ ನಿಂತ ದಿನ ಮಾತ್ರ ಮಾಮೂಲಿ ಆರಂಭದ ಆಜ್ಞೆ ನಡೆಯದು. ಸೇರಿಕೊಳ್ಳಲು ಯಾವ ಕ್ಲಸ್ಟರೂ ಉಳಿದಿಲ್ಲವಲ್ಲ. ಆಗ ಕೊನೆಯ ಬರಹ ಯಾವ ಯಂತ್ರದಲ್ಲಿದೆ ಎಂದು ‘ಗ್ರಾಸ್ಟೇಟ್’ ಕಡತ ನೋಡಿ ಖಚಿತಪಡಿಸಿಕೊಂಡು, ಅದೊಂದರಲ್ಲಿ ಮಾತ್ರ ‘ಗಲೇರಾ ನ್ಯೂ ಕ್ಲಸ್ಟರ್’ ಆಜ್ಞೆಯನ್ನು ಓಡಿಸಬೇಕು. ಅದು ಎದ್ದ ಮೇಲೆಯೇ ಉಳಿದೆರಡರ ಸರದಿ.