ಗಗ್ಗರ ಬಿಚ್ಚಿಟ್ಟ ಮೇಲೆ

ದೀಪಾವಳಿ ಕಳೆದರೆ ಸಾಕು, ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಕೋಲ, ನೇಮಗಳು ಶುರು. ಮೇ ಕೊನೆಯ ವಾರ ಬರುವ ಪತ್ತನಾಜೆಯವರೆಗೂ ರಾತ್ರಿಯಾದರೆ ಎಲ್ಲಿಂದಲೋ ತಾಸೆಯ ಸದ್ದು. 2022ರಲ್ಲಿ ‘ಕಾಂತಾರ’ ಬಂದ ಮೇಲೆ ಆ ಸದ್ದು ತುಳುನಾಡಿನಾಚೆಗೂ ಕೇಳಿತು. ಜತೆಗೇ ಕಾಲೇಜು ಫೆಸ್ಟ್‌, ರೀಲ್ಸ್‌ಗಳಲ್ಲಿ ಮುಖಕ್ಕೆ ಹಳದಿ ಬಳಿದುಕೊಂಡು ಕೂಗುವವರೂ ಹೆಚ್ಚಾದರು. ಊರಿನ ಹಿರಿಯರು ಸಿಟ್ಟಾದಾಗ ‘ಬರೀ ವೇಷಕ್ಕೆ ಯಾಕಿಷ್ಟು ರಗಳೆ?’ ಎಂದು ಕೇಳಿದ ಗೆಳೆಯರಿದ್ದಾರೆ.

ಯಕ್ಷಗಾನಕ್ಕೆ ನಾವು ‘ವೇಷ ಹಾಕುವುದು’ ಎನ್ನುತ್ತೇವೆ. ಇಲ್ಲಿ ಹೇಳುವುದು ‘ಭೂತ ಕಟ್ಟುವುದು’ ಎಂದು. ವ್ಯತ್ಯಾಸ ಇರುವುದೇ ಅಲ್ಲಿ. ಕಟ್ಟುವವರು ನಲಿಕೆ, ಪರವ, ಪಂಬದ ಸಮುದಾಯದವರು; ತಲೆಮಾರುಗಳಿಂದ ಬಂದ ಹಕ್ಕು ಮತ್ತು ಹೊಣೆ ಅದು. ಮೊದಲು ಎಣ್ಣೆಬೂಳ್ಯ. ಕೊಟ್ಟ ಎಣ್ಣೆ ಹಚ್ಚಿ ಸ್ನಾನ ಮಾಡಿ ಬಂದ ಮೇಲೆ ಮುಖಕ್ಕೆ ಅರದಾಳದ ಹಳದಿ. ಮನೆಯ ಹೆಂಗಸರು ತೆಂಬರೆ ಬಡಿಯುತ್ತ ದೈವದ ಹುಟ್ಟು, ಸಂಚಾರದ ಪಾಡ್ದನ ಹೇಳುತ್ತಾರೆ. ಕಾಲಿಗೆ ಗಗ್ಗರ, ಸೊಂಟಕ್ಕೆ ತೆಂಗಿನ ಎಳೆ ಗರಿಯ ಸಿರಿ, ಬೆನ್ನಿಗೆ ಅಣಿ. ಇದೆಲ್ಲ ಆದ ಮೇಲೆ ಎದುರಿಗಿರುವುದು ಪಕ್ಕದ ಮನೆಯ ಅಣ್ಣನಲ್ಲ, ದೈವ. ಗುತ್ತಿನ ಯಜಮಾನರೂ ಕೈಮುಗಿದು ನಿಲ್ಲಬೇಕು. ಜಾಗದ ತಕರಾರಿರಲಿ, ಅಣ್ಣತಮ್ಮಂದಿರ ಮುನಿಸಿರಲಿ, ದೈವ ಕೊಟ್ಟ ನುಡಿಗೆ ತಲೆಬಾಗಬೇಕು.

ಎಷ್ಟೋ ದೈವಗಳ ಕಥೆ ಅನ್ಯಾಯದಿಂದಲೇ ಶುರುವಾಗುತ್ತದೆ. ಬಂಟ್ವಾಳ ತಾಲ್ಲೂಕಿನ ಪಣೋಲಿಬೈಲಿನ ಕಲ್ಲುರ್ಟಿಗೆ ಅಗೆಲು ಕೊಡಲು ದೂರದೂರದಿಂದ ಜನ ಬರುತ್ತಾರೆ. ಅವಳ ಅಣ್ಣ ಕಲ್ಕುಡ ಶಿಲ್ಪಿ. ಕಾರ್ಕಳದ ಗೊಮ್ಮಟನನ್ನು ಕಡೆದ ಅವನ ಒಂದು ಕೈ, ಒಂದು ಕಾಲನ್ನು ಅರಸ ಕಡಿಸಿದ. ಉಳಿದ ಒಂಟಿ ಕೈಯಲ್ಲೇ ಅವನು ವೇಣೂರಿನ ಗೊಮ್ಮಟನನ್ನೂ ಕಡೆದ ಎನ್ನುತ್ತದೆ ಪಾಡ್ದನ. ಚರಿತ್ರೆಯ ಲೆಕ್ಕದಲ್ಲಿ ಕಾರ್ಕಳದ್ದು 1432ರ ಮೂರ್ತಿ, ವೇಣೂರಿನದ್ದು 1604ರದ್ದು. ಪಾಡ್ದನಕ್ಕೆ ಇಸವಿ ಮುಖ್ಯವಲ್ಲ, ಕೈ ಕಳೆದುಕೊಂಡವನ ನೋವು ಮುಖ್ಯ. ಆ ನೋವೇ ಅಣ್ಣತಂಗಿಯರನ್ನು ದೈವಗಳಾಗಿಸಿತು.

ಆದರೆ ಬೆಳಕು ಹರಿದು ಗಗ್ಗರ ಬಿಚ್ಚಿಟ್ಟ ಮೇಲೆ? ಭೂತ ಕಟ್ಟುವ ಮನೆಯ ಹುಡುಗನೊಬ್ಬ ನನ್ನ ಸಹಪಾಠಿ. ‘ರಾತ್ರಿ ಅಪ್ಪನ ಎದುರು ಕೈಮುಗಿದವರೇ ಬೆಳಿಗ್ಗೆ ಅಪ್ಪನನ್ನು ಅಂಗಳದಲ್ಲೇ ನಿಲ್ಲಿಸಿ ಮಾತಾಡುತ್ತಾರೆ’ ಎಂದ ಒಮ್ಮೆ. ಅವನೀಗ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾನೆ. ಕೆಲಸ ಸಿಕ್ಕಿದರೆ ಕೋಲಕ್ಕೆ ರಜೆ ಸಿಗುತ್ತದೋ ಇಲ್ಲವೋ. ಅಪ್ಪನಿಗೋ ಮಂಡಿನೋವು, ನಿದ್ದೆಗೆಟ್ಟ ರಾತ್ರಿಗಳು, ಮಳೆಗಾಲದಲ್ಲಿ ಬೇರೆ ದುಡಿಮೆ. ಗಗ್ಗರ ಹಿಡಿಯಬೇಕೋ ಬೇಡವೋ ಎಂಬ ಪ್ರಶ್ನೆ ಅವನಿಗೆ ಸಂಸ್ಕೃತಿಯದ್ದಷ್ಟೇ ಅಲ್ಲ, ಹೊಟ್ಟೆಪಾಡಿನದ್ದು, ಮರ್ಯಾದೆಯದ್ದು.

60 ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನವನ್ನು ರಾಜ್ಯ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಘೋಷಿಸಿತು. ಒಳ್ಳೆಯದೇ. ಆದರೆ ಮರ್ಯಾದೆಯನ್ನು ಸರ್ಕಾರ ಖಾತೆಗೆ ಹಾಕಲಾಗದು.

ರೀಲ್ಸ್‌ಗೆ ದೈವದ ಬಣ್ಣ ಬಳಿಯಬೇಡಿ ಎಂದು ಹೇಳುವುದು ಸುಲಭ, ನಾನೂ ಹೇಳುತ್ತೇನೆ. ಜತೆಗೆ ಇನ್ನೊಂದು ಮಾತು. ಅಣಿ, ಸಿರಿಯ ಪಾವಿತ್ರ್ಯಕ್ಕಾಗಿ ಜಗಳಕ್ಕೇ ನಿಲ್ಲುವ ನಾವು ಅದನ್ನು ಹೊತ್ತವರನ್ನು ಚಾವಡಿಗೆ ಕರೆದು ಕೂರಿಸಿ, ಜತೆಯಲ್ಲೇ ಚಹಾ ಕುಡಿಯಬೇಕು. ಗೆಳೆಯ ಬ್ಯಾಂಕಿಗೆ ಹೋಗಲಿ, ಗಗ್ಗರವನ್ನೇ ಹಿಡಿಯಲಿ. ತಲೆಯೆತ್ತಿ ನಿಲ್ಲಲು ಅವನಿಗೆ ಅಣಿ ಬೇಕಾಗಬಾರದು.