ಬೇವಿನೆಣ್ಣೆ ಸವರಿಕೊಂಡರಷ್ಟೇ ಸಾಕೆ?

ಕಳೆದ ಮಳೆಗಾಲದಲ್ಲಿ ನನ್ನ ರೂಮ್‌ಮೇಟ್‌ಗೆ ಡೆಂಗಿ ಬಂದು ಸೆಮಿಸ್ಟರ್ ಪರೀಕ್ಷೆಗೇ ಕೂರಲಾಗಲಿಲ್ಲ. ಅಂದಿನಿಂದ ನಾನು ಅಜ್ಜಿ ಹೇಳಿದಂತೆ ಕೊಬ್ಬರಿ ಎಣ್ಣೆಗೆ ನಾಲ್ಕು ಹನಿ ಬೇವಿನೆಣ್ಣೆ ಬೆರೆಸಿ ಸಂಜೆ ಕೈಕಾಲಿಗೆ ಸವರಿಕೊಳ್ಳತೊಡಗಿದೆ. ವಾಸನೆಗೆ ಪಕ್ಕದ ರೂಮಿನವರು ಮೂಗು ಮುಚ್ಚಿಕೊಂಡರು ಬಿಡಿ! ಸೊಳ್ಳೆ ಕಾಟ ತಗ್ಗಿದ್ದು ನಿಜ, ಆದರೆ ಒಂದೆರಡು ಗಂಟೆ ಮಾತ್ರ.

ಡೆಂಗಿ ಹರಡುವ ಈಡಿಸ್ ಸೊಳ್ಳೆ ಹೆಚ್ಚಾಗಿ ಕಚ್ಚುವುದು ಹಗಲಲ್ಲಿ. ಬೆಳೆಯುವುದು ನಾವೇ ತುಂಬಿಟ್ಟ ನೀರಿನಲ್ಲಿ. ಬೇವಿನ ಬೀಜದಲ್ಲಿರುವ ಅಜಾಡಿರಾಕ್ಟಿನ್, ಲಾರ್ವಾ ಪೊರೆ ಕಳಚಿ ಬೆಳೆಯದಂತೆ ತಡೆಯುತ್ತದೆ. ಅದಕ್ಕೇ ಬೀಜ ಜಜ್ಜಿ, ರಾತ್ರಿಯಿಡೀ ನೆನೆಸಿ, ಸೋಸಿ, ಹಾಸ್ಟೆಲ್ ಹಿಂದಿನ ಖಾಲಿ ಮಾಡಲಾಗದ ಹಳೇ ತೊಟ್ಟಿಗೆ ಸುರಿದೆವು. ಕುಡಿಯುವ, ಬಳಸುವ ನೀರಿಗೆ ಇದು ಬೇಡ. ಆ ಡ್ರಮ್ಮುಗಳನ್ನು ವಾರಕ್ಕೊಮ್ಮೆ ತಿಕ್ಕಿ, ಮುಚ್ಚಳ ಹಾಕಲೇಬೇಕು. ಈ ಭಾನುವಾರ ತಿಕ್ಕುವ ಸರದಿ ನನ್ನದು.